ೞ ಅಕ್ಷರಕ್ಕೆ ಬಂದ ತಪ್ಪು ಹೆಸರು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಈ ನಾಲ್ಕು ಹೆಸರುಗಳನ್ನು ಒಮ್ಮೆ ಓದಿ. ಇವುಗಳಲ್ಲಿ ಅಕ್ಷರವಲ್ಲದ್ದು ಏನಾದರೂ ಇದೆಯೆ? ಇಲ್ಲ ಎಂದು ಎರಡನೆಯ ತರಗತಿಯ ಮಗುವೂ ಹೇಳುತ್ತದೆ. ಗಣಕಯಂತ್ರ ಮಾತ್ರ ‘ಇದೆ’ ಎಂದು ಹಟ ಹಿಡಿದ ಪ್ರಸಂಗವೊಂದನ್ನು ನಾನು ಕಂಡಿದ್ದೇನೆ.

ನನ್ನ ಇಬ್ಬರು ಬಿ.ಎಸ್‌ಸಿ. ವಿದ್ಯಾರ್ಥಿಗಳು ಪೈಥಾನ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದರು. ವಿದ್ಯಾರ್ಥಿಯ ಹೆಸರು ಮತ್ತು ಊರನ್ನು ಕನ್ನಡದಲ್ಲಿ ಪಡೆದು ಪಟ್ಟಿ ಮಾಡುವುದು ಅದರ ಕೆಲಸ. ಯಾರೂ ಅಂಕಿಗಳನ್ನೋ ಅಡ್ಡಗೆರೆಗಳನ್ನೋ ತುಂಬಬಾರದು ಎಂದು ‘ಅಕ್ಷರಗಳು ಮಾತ್ರ ಇರಬೇಕು’ ಎಂಬ ಪರೀಕ್ಷೆಯನ್ನೂ ಸೇರಿಸಿದ್ದರು. ಇಂಗ್ಲಿಷಿನಲ್ಲಿ ಬರೆದ ಊರುಗಳೆಲ್ಲ ಪರೀಕ್ಷೆಯಲ್ಲಿ ಪಾಸಾದವು. ಕನ್ನಡದಲ್ಲಿ ಬರೆದ ನಾಲ್ಕೂ ಫೇಲಾದವು. “ನಮ್ಮ ಊರೇ ತಪ್ಪಂತೆ ಸಾರ್” ಎಂದ ಅವರಲ್ಲೊಬ್ಬ, ಅರಕಲಗೂಡಿನ ಕಡೆಯವನು.

ಅವರು ಬಳಸಿದ ಆಜ್ಞೆಯ ಬಗ್ಗೆ ಅವರ ಕೈಯಲ್ಲಿದ್ದ ಪುಸ್ತಕದಲ್ಲಿ ಒಂದೇ ಸಾಲಿನ ವಿವರಣೆ ಇತ್ತು: ಎಲ್ಲವೂ ಅಕ್ಷರಗಳಾಗಿದ್ದರೆ ‘ನಿಜ’, ಇಲ್ಲದಿದ್ದರೆ ‘ಸುಳ್ಳು’. ಅಕ್ಷರ ಎಂದರೆ ಯಾವುದು? ಅದನ್ನು ಪುಸ್ತಕ ಹೇಳಿರಲಿಲ್ಲ, ಹುಡುಗರು ಕೇಳಿರಲಿಲ್ಲ. ಈ ಪ್ರಶ್ನೆಯ ಬೆನ್ನು ಹತ್ತಿದರೆ ಸುಮಾರು 1500 ವರ್ಷಗಳ ಕಥೆಯೊಂದು ಬಿಚ್ಚಿಕೊಳ್ಳುತ್ತದೆ. ಅದರ ಆರಂಭವೂ ನಮ್ಮ ಹಾಸನ ಜಿಲ್ಲೆಯಲ್ಲೇ ಇದೆ.

ಸಂಖ್ಯೆ, ಹೆಸರು, ವರ್ಗ

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಬೇರೆಬೇರೆ ಸಂಖ್ಯೆ ಕೊಡುವ ವ್ಯವಸ್ಥೆಯೇ ಯುನಿಕೋಡ್. ಇದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಇದರಲ್ಲಿ ಕನ್ನಡಕ್ಕೆ 128 ಮನೆಗಳಿವೆ. ನಮಗೆ ಪರಿಚಿತವಾದ ದಶಮಾನ ಪದ್ಧತಿಯಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ ಸಂಖ್ಯೆಗಳು.

ಯುನಿಕೋಡ್ ಪ್ರತಿ ಅಕ್ಷರಕ್ಕೂ ಸಂಖ್ಯೆಯ ಜೊತೆಗೆ ಇನ್ನೆರಡು ಸಂಗತಿಗಳನ್ನು ಕೊಡುತ್ತದೆ. ಒಂದು, ಇಂಗ್ಲಿಷಿನಲ್ಲಿ ಅಧಿಕೃತ ಹೆಸರು. ಇನ್ನೊಂದು, ಆ ಅಕ್ಷರ ಸೇರುವ ವರ್ಗ. ಅಕ್ಷರ, ಸಂಯೋಜಕ ಚಿಹ್ನೆ, ಅಂಕಿ, ವಿರಾಮಚಿಹ್ನೆ, ಸಂಕೇತ ಮುಂತಾದ ದೊಡ್ಡ ಗುಂಪುಗಳಿವೆ. ಅವುಗಳ ಒಳಗೆ ಸಣ್ಣ ಗುಂಪುಗಳಿದ್ದು, ಎಲ್ಲ ಸೇರಿ 30 ವರ್ಗಗಳಾಗುತ್ತವೆ. ಕನ್ನಡದ ೦ದಿಂದ ೯ರವರೆಗಿನವು ಅಂಕಿಗಳ ವರ್ಗಕ್ಕೆ ಸೇರುತ್ತವೆ. ‘ಕ’, ‘ಅ’ ಇವು ಅಕ್ಷರಗಳ ವರ್ಗಕ್ಕೆ ಸೇರುತ್ತವೆ. ಆದರೆ ದೀರ್ಘ, ಕೊಂಬು, ಏತ್ವ, ಒತ್ತಕ್ಷರ ಮಾಡಲು ಬಳಸುವ ಅರ್ಧಾಕ್ಷರ ಚಿಹ್ನೆ ಇವೆಲ್ಲ ‘ಸಂಯೋಜಕ ಚಿಹ್ನೆ’ಗಳು.

ಈಗ ನಮ್ಮ ಊರುಗಳನ್ನು ಬಿಡಿಸಿ ನೋಡೋಣ. ‘ಹಾಸನ’ ನಮ್ಮ ಕಣ್ಣಿಗೆ 3 ಅಕ್ಷರ. ಗಣಕದೊಳಗೆ ಅದು 4 ಸಂಖ್ಯೆಗಳು: ಹ, ದೀರ್ಘ, ಸ, ನ. ‘ಅರಕಲಗೂಡು’ ನಮಗೆ 6, ಗಣಕಕ್ಕೆ 8. ‘ಹೊಳೆನರಸೀಪುರ’ ನಮಗೆ 7, ಗಣಕಕ್ಕೆ 11. ‘ಚನ್ನರಾಯಪಟ್ಟಣ’ವೂ ನಮಗೆ 7, ಗಣಕಕ್ಕೆ 12. ‘ನ್ನ’ ಮತ್ತು ‘ಟ್ಟ’ ಒಂದೊಂದೂ ಮೂರು ಮೂರು ಸಂಖ್ಯೆಗಳಿಂದ ಆಗಿರುವುದೇ ಇದಕ್ಕೆ ಕಾರಣ. ಹುಡುಗರು ಬಳಸಿದ ಆಜ್ಞೆ ‘ಅಕ್ಷರ’ ವರ್ಗವನ್ನು ಮಾತ್ರ ಒಪ್ಪುತ್ತದೆ, ಸಂಯೋಜಕ ಚಿಹ್ನೆಯನ್ನು ಒಪ್ಪುವುದಿಲ್ಲ. ಹಾಗಾಗಿ ‘ಹಾಸನ’ದ ಒಂದು ದೀರ್ಘವೇ ಅದನ್ನು ಫೇಲು ಮಾಡಲು ಸಾಕಾಯಿತು.

ಕೇಶಿರಾಜನ ವರ್ಗೀಕರಣ

ಅಕ್ಷರಗಳನ್ನು ವರ್ಗ ಮಾಡುವುದು ಗಣಕ ಬಂದ ಮೇಲೆ ಹುಟ್ಟಿದ ಕೆಲಸವಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಬಹಳ ಶಿಸ್ತಿನಿಂದ ಮಾಡಿದ್ದಾನೆ. ಸ್ವರ, ವ್ಯಂಜನ, ಯೋಗವಾಹ ಎಂಬ ಗುಂಪುಗಳನ್ನು ಹೇಳಿ, ಸಂಸ್ಕೃತಕ್ಕೆ ಮಾತ್ರ ಬೇಕಾದವನ್ನು ಕಳೆದು, ದೇಶೀಯ ಅಕ್ಷರಗಳನ್ನು ಕೂಡಿ, ಕನ್ನಡಕ್ಕೆ 47 ಶುದ್ಧ ಅಕ್ಷರಗಳೆಂದು ಲೆಕ್ಕ ಕೊಟ್ಟಿದ್ದಾನೆ. ಆ ದೇಶೀಯ ಅಕ್ಷರಗಳಲ್ಲಿ ಒಂದು ೞ. ವ್ಯಾಕರಣದಲ್ಲಿ ಇದಕ್ಕೆ ‘ರಳ’ ಎಂದು ಹೆಸರು.

ಇಂದಿನ ಓದುಗರಿಗೆ ಇದು ಅಪರಿಚಿತ ಅಕ್ಷರ. ಮಲಯಾಳಿಗಳು ನದಿಗೆ ‘ಪುೞ’ ಎನ್ನುವಾಗ, ತಮಿಳರು ತಮ್ಮ ಭಾಷೆಯನ್ನು ‘ತಮಿೞ್’ ಎನ್ನುವಾಗ ನಾಲಗೆಯನ್ನು ಹಿಂದಕ್ಕೆ ಮಡಿಸಿ ಹೊರಡಿಸುವ ಧ್ವನಿ ಇದು. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ಕಾಲಕ್ರಮದಲ್ಲಿ ೞ ಅಕ್ಷರ ಕೆಲವು ಕಡೆ ‘ಳ’ ಆಯಿತು, ವ್ಯಂಜನದ ಹಿಂದೆ ‘ರ’ ಆಯಿತು. ಕೇಶಿರಾಜನ ಕಾಲಕ್ಕೆ ಜನರ ಬಾಯಲ್ಲಿ ಈ ವ್ಯತ್ಯಾಸ ಅಳಿಸಿತ್ತು. ಆದ್ದರಿಂದಲೇ ಅವನು ಯಾವ ಯಾವ ಪದಗಳಲ್ಲಿ ರಳ ಬರಬೇಕು ಎಂಬುದನ್ನು ಪಟ್ಟಿ ಮಾಡಿಕೊಟ್ಟ. ನಮ್ಮ ಕಾಲದ ಮಾತಿನಲ್ಲಿ ಹೇಳುವುದಾದರೆ, ಮರೆತುಹೋಗುತ್ತಿದ್ದ ಅಕ್ಷರಕ್ಕೆ ದಾಖಲೆ ಬರೆದಿಟ್ಟ.

ಹೊಳೆನರಸೀಪುರ ಹೇಮಾವತಿಯ ದಡದ ಊರು. ಅದರ ಹೆಸರಿನಲ್ಲಿರುವ ‘ಹೊಳೆ’ಯ ಹಳೆಯ ರೂಪ ‘ಪೊೞೆ’. ಮಲಯಾಳದ ‘ಪುೞ’ ಅದರ ಸೋದರ. ನಮ್ಮ ಬಾಯಿಂದ ಅಕ್ಷರ ಹೋಗಿದೆ, ಊರಿನ ಹೆಸರಿನಲ್ಲಿ ಅದರ ನೆರಳು ಉಳಿದಿದೆ.

ಕಲ್ಲಿನಲ್ಲಿ ಅಕ್ಷರವೇ ಉಳಿದಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ.ಶ. 450 ಎನ್ನುತ್ತಾರೆ. ಯುದ್ಧದಲ್ಲಿ ಗೆದ್ದ ವೀರನಿಗೆ ಕೊಟ್ಟ ದತ್ತಿಯನ್ನು ಅದು ‘ಬಾಳ್ಗೞ್ಚು’ ಎಂದು ಕರೆಯುತ್ತದೆ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಈ ಒಂದೇ ಪದದಲ್ಲಿ ಳ ಮತ್ತು ೞ ಎರಡೂ ಇವೆ. ಎರಡಕ್ಕೂ ಒಂದೇ ‘ಳ’ ಬರೆದರೆ ಶಾಸನ ಬರೆದವನು ಕೇಳುತ್ತಿದ್ದ ಒಂದು ಧ್ವನಿಯೇ ಕಳೆದುಹೋಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಿಕ್ಕಬೆಟ್ಟದ ಬಂಡೆಗಳ ಮೇಲೆ 7ನೆಯ ಶತಮಾನದ ಕಿರುಶಾಸನಗಳಿವೆ. ಬಿ. ಎಲ್. ರೈಸ್ 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. ಆಮೇಲಿನ ಪರಿಷ್ಕರಣದಲ್ಲಿ ಸಂಖ್ಯೆ 573 ಆಯಿತು. ಇವನ್ನೆಲ್ಲ ಗಣಕಕ್ಕೆ ಸೇರಿಸಿ ಹುಡುಕುವಂತೆ ಮಾಡಬೇಕಾದರೆ ೞ ಅಕ್ಷರಕ್ಕೂ ಅಲ್ಲಿ ಒಂದು ಮನೆ ಬೇಕಷ್ಟೆ.

ಮನೆ ಸಿಕ್ಕಿತು, ಹೆಸರು ತಪ್ಪಿತು

ಮನೆ ಸಿಕ್ಕಿದೆ. ಅದರ ಸಂಖ್ಯೆ 3294. ಆದರೆ ಬಾಗಿಲ ಮೇಲಿನ ಫಲಕದಲ್ಲಿ ಬೇರೆಯವರ ಹೆಸರಿದೆ.

ಇದು ಅರ್ಥವಾಗಲು ಮನೆಗಳ ಜೋಡಣೆಯನ್ನು ನೋಡಬೇಕು. ಭಾರತೀಯ ಲಿಪಿಗಳಿಗಾಗಿ ನಮ್ಮ ದೇಶದಲ್ಲಿ ‘ಇಸ್ಕಿ’ ಎಂಬ ಸಂಕೇತ ವ್ಯವಸ್ಥೆ ರೂಪುಗೊಂಡಿತ್ತು. ಬ್ರಾಹ್ಮಿಯಿಂದ ಬಂದ ಲಿಪಿಗಳ ವರ್ಣಮಾಲೆ ಹೆಚ್ಚುಕಡಿಮೆ ಒಂದೇ ಆದುದರಿಂದ ಎಲ್ಲಕ್ಕೂ ಒಂದೇ ಕ್ರಮ ಎಂಬುದು ಅದರ ತತ್ತ್ವ. ಯುನಿಕೋಡ್ ಇಸ್ಕಿಯ 1988ರ ರೂಪವನ್ನು ಆಧಾರವಾಗಿಟ್ಟುಕೊಂಡು ದೇವನಾಗರಿ, ತಮಿಳು, ತೆಲುಗು, ಕನ್ನಡ, ಮಲಯಾಳಗಳಿಗೆ 128 ಮನೆಗಳ ಒಂದೊಂದು ಬೀದಿಯನ್ನು ಕೊಟ್ಟಿತು. ಎಲ್ಲ ಬೀದಿಗಳಲ್ಲೂ ಒಂದೇ ಧ್ವನಿಯ ಅಕ್ಷರ ಒಂದೇ ಸ್ಥಾನದಲ್ಲಿರಬೇಕು.

ಬೀದಿಯ ಮೊದಲ ಮನೆಯನ್ನು ಸೊನ್ನೆ ಎಂದು ಎಣಿಸಿದರೆ ೞ ಧ್ವನಿಯ ಸ್ಥಾನ 52. ತಮಿಳು ಬೀದಿ 2944ರಿಂದ ಆರಂಭ; ಅಲ್ಲಿ 2944 + 52 = 2996ರಲ್ಲಿ ಈ ಅಕ್ಷರವಿದೆ. ಮಲಯಾಳದಲ್ಲಿ 3328 + 52 = 3380ರಲ್ಲಿದೆ. ಕನ್ನಡದಲ್ಲಿ ಅದು 3200 + 52 = 3252ರಲ್ಲಿ ಇರಬೇಕಿತ್ತು. ಆ ಮನೆ ಇಂದಿಗೂ ಖಾಲಿ! ನಮ್ಮ ೞ ಇರುವುದು 94ನೆಯ ಸ್ಥಾನದಲ್ಲಿ. ದೇವನಾಗರಿ ಬೀದಿಯ 94ನೆಯ ಸ್ಥಾನದಲ್ಲಿ ಯಾರಿದ್ದಾರೆ? ನುಕ್ತ ಹಾಕಿದ ‘ಫ಼’, ಅಂದರೆ ಇಂಗ್ಲಿಷಿನ ಎಫ್ ಧ್ವನಿಯ ಅಕ್ಷರ. ಮನೆಯ ಸಂಖ್ಯೆಯೇ ತಪ್ಪಿನ ಕಥೆಯನ್ನು ಹೇಳುತ್ತದೆ. ಯುನಿಕೋಡಿನಲ್ಲಿ ೞ ಅಕ್ಷರದ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್ ಎ’ ಎಂದಾಯಿತು. ಲ ಒಂದು ಎಲ್, ಳ ಎರಡು ಎಲ್ ಆದುದರಿಂದ, ಸರಿಯಾಗಿ ಮೂರು ಎಲ್‌ಗಳ ಹೆಸರು ಬರಬೇಕಿತ್ತು.

ಎಫ್ ಧ್ವನಿಗೆ ಕನ್ನಡದಲ್ಲಿ ಬೇರೆ ಅಕ್ಷರವೇ ಇಲ್ಲ. ‘ಫ’ಕ್ಕೆ ಚುಕ್ಕೆಗಳ ಗುರುತನ್ನು ಹಚ್ಚಿ ಬರೆಯುತ್ತೇವೆ. ಆ ಚುಕ್ಕೆಯ ಗುರುತು, ಅಂದರೆ ನುಕ್ತ, ಯುನಿಕೋಡಿನ ಕನ್ನಡ ಬೀದಿಗೆ ಬಂದದ್ದು 2003ರ 4.0 ಆವೃತ್ತಿಯಲ್ಲಿ.

ಹೆಸರು ತಪ್ಪಾದರೆ ಏನಾಯಿತು, ಸಂಖ್ಯೆ ಸರಿ ಇದೆಯಲ್ಲ ಎಂದು ನೀವು ಕೇಳಬಹುದು. ಹೆಸರನ್ನು ನಂಬಿ ಕೆಲಸ ಮಾಡುವ ತಂತ್ರಾಂಶವನ್ನು ಊಹಿಸಿಕೊಳ್ಳಿ. ಅಕ್ಷರಗಳ ಅಧಿಕೃತ ಹೆಸರಿನ ಕೊನೆಯ ಭಾಗವನ್ನು ತೆಗೆದುಕೊಂಡು ಕನ್ನಡವನ್ನು ರೋಮನ್ ಲಿಪಿಗೆ ತಿರುಗಿಸುವ ಪ್ರೋಗ್ರಾಮನ್ನು ಯಾರು ಬೇಕಾದರೂ ಹತ್ತು ಸಾಲಿನಲ್ಲಿ ಬರೆಯಬಹುದು. ಅದರ ಬಾಯಲ್ಲಿ ‘ಪೊೞೆ’ಯು ‘ಪೊಫೆ’ ಆಗುತ್ತದೆ. ಕನ್ನಡ ಬಾರದ ಪ್ರೋಗ್ರಾಮರನಿಗೆ ಅದು ತಪ್ಪೆಂದು ತಿಳಿಯುವ ದಾರಿಯೇ ಇಲ್ಲ.

ತಿದ್ದಬಾರದೇಕೆ?

ಹಾಗಾದರೆ ಹೆಸರನ್ನು ತಿದ್ದಿಬಿಡಬಹುದಲ್ಲ? ತಿದ್ದುವಂತಿಲ್ಲ. 1996ರ 2.0 ಆವೃತ್ತಿಯಿಂದ ಒಮ್ಮೆ ಕೊಟ್ಟ ಅಕ್ಷರದ ಹೆಸರನ್ನು ಬದಲಿಸುವುದಿಲ್ಲ ಎಂಬುದು ಯುನಿಕೋಡಿನ ನಿಯಮ. ಆ ಹೆಸರನ್ನು ಆಧರಿಸಿ ಎಲ್ಲೆಲ್ಲಿ ಎಷ್ಟು ತಂತ್ರಾಂಶಗಳು ಬರೆಯಲ್ಪಟ್ಟಿವೆಯೋ ಬಲ್ಲವರಿಲ್ಲ. ಇಂದು ತಿದ್ದಿದರೆ ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಪ್ರೋಗ್ರಾಮ್ ನಿಂತುಹೋಗಬಹುದು.

ಭೌತವಿಜ್ಞಾನದ ಅಧ್ಯಾಪಕರಿಗೆ ಇದು ಹೊಸ ಅನುಭವವೇನಲ್ಲ. 18ನೆಯ ಶತಮಾನದ ನಡುವೆ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುದಂಶಕ್ಕೆ ಧನ, ಋಣ ಎಂದು ಹೆಸರಿಟ್ಟ. ವಿದ್ಯುತ್ತು ಧನದಿಂದ ಋಣಕ್ಕೆ ಹರಿಯುತ್ತದೆ ಎಂಬ ರೂಢಿ ಬೆಳೆಯಿತು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ, ತಂತಿಯಲ್ಲಿ ನಿಜವಾಗಿ ಹರಿಯುವುದು ಋಣ ಕಣಗಳು, ಅವು ಎದುರು ದಿಕ್ಕಿನಲ್ಲಿ ಚಲಿಸುತ್ತವೆ ಎಂದು ತಿಳಿಯಿತು. ಆದರೂ ಬಾಣದ ಗುರುತನ್ನು ನಾವು ತಿರುಗಿಸಲಿಲ್ಲ. ‘ಇದು ಸಾಂಪ್ರದಾಯಿಕ ದಿಕ್ಕು, ಎಲೆಕ್ಟ್ರಾನುಗಳ ಚಲನೆ ಇದಕ್ಕೆ ವಿರುದ್ಧ’ ಎಂದು ಪಕ್ಕದಲ್ಲಿ ಒಂದು ಮಾತು ಬರೆದೆವು. ಆ ಒಂದು ಮಾತು ಇಲ್ಲದ ಪಠ್ಯಪುಸ್ತಕವನ್ನು ನಾವು ಯಾರಾದರೂ ಒಪ್ಪುತ್ತೇವೆಯೆ?

ಯುನಿಕೋಡ್ ಮಾಡಿದ್ದೂ ಇದನ್ನೇ. ಕನ್ನಡ ಅಕ್ಷರಪಟ್ಟಿಯಲ್ಲಿ 3294ರ ಹೆಸರಿನ ಕೆಳಗೆ, ಇದು ಬಳಕೆ ತಪ್ಪಿದ ಹಳೆಯ ಅಕ್ಷರ, ಹೆಸರು ತಪ್ಪಾಗಿದೆ, ಮೂರು ಎಲ್‌ಗಳ ಹೆಸರು ಇರಬೇಕಿತ್ತು ಎಂಬ ಅರ್ಥದ ಟಿಪ್ಪಣಿ ಇದೆ. ಆದರೆ ಟಿಪ್ಪಣಿಯನ್ನು ಮನುಷ್ಯರು ಓದುತ್ತಾರೆ, ತಂತ್ರಾಂಶ ಓದುವುದಿಲ್ಲ. ಆದ್ದರಿಂದ 2006ರ 5.0 ಆವೃತ್ತಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ತಪ್ಪು ಹೆಸರುಗಳಿಗೆ ಅಧಿಕೃತ ಪರ್ಯಾಯ ಹೆಸರುಗಳ ಪಟ್ಟಿಯನ್ನು, ಗಣಕವೂ ಓದುವಂಥ ಕಡತವಾಗಿ ಹೊರತಂದರು. ೞ ಅಕ್ಷರ ಅದರಲ್ಲಿ ಸರಿಯಾದ ಹೆಸರನ್ನು ಪಡೆಯಿತು. ಈ ಪಟ್ಟಿಯಲ್ಲಿ ನಾವು ಒಬ್ಬರೇ ಅಲ್ಲ. ಲಾವೋ ಲಿಪಿಯ ಅಕ್ಷರಗಳಿವೆ. ‘ಬ್ರ್ಯಾಕೆಟ್’ ಎಂಬ ಪದದ ಕಾಗುಣಿತವೇ ತಪ್ಪಿ ಹಾಗೆಯೇ ಉಳಿದುಹೋದ ಒಂದು ಆವರಣ ಚಿಹ್ನೆಯೂ ಇದೆ! ತೆಲುಗು ಬೀದಿಗೆ ಇದೇ ಅಕ್ಷರ 2014ರ 7.0 ಆವೃತ್ತಿಯಲ್ಲಿ ಬಂದಾಗ ಸರಿಯಾದ ಹೆಸರಿನಿಂದ, 52ನೆಯ ಸ್ಥಾನದಲ್ಲೇ ಬಂದಿತು.

ಶಾಸನಗಳನ್ನು ಓದುವವರಿಗೆ ಈ ಕಷ್ಟ ಮೊದಲೇ ಗೊತ್ತಿತ್ತು. ರೈಸ್ ಅವರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ತಂದಾಗ ತಾಲ್ಲೂಕಿನ ಹೆಸರಿನ ಎರಡಕ್ಷರ ಮತ್ತು ಒಂದು ಸಂಖ್ಯೆಯಿಂದ ಪ್ರತಿ ಶಾಸನವನ್ನು ಗುರುತಿಸಿದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಒಂದೊಂದಕ್ಕೂ ಒಂದೊಂದು ಸಂಕೇತವಿತ್ತು. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಖ್ಯೆಗಳು ಬದಲಾದವು. ಹಳೆಯ ಸಂಖ್ಯೆಯನ್ನೂ ಜೊತೆಗೆ ಕೊಡದಿದ್ದರೆ ಅಲ್ಲಿಯವರೆಗಿನ ಎಲ್ಲ ಲೇಖನಗಳ ಅಡಿಟಿಪ್ಪಣಿಗಳೂ ದಾರಿ ತಪ್ಪುತ್ತಿದ್ದವು.

ವರ್ಗ ಬದಲಿಸಿದ ಎರಡು ಚಿಹ್ನೆಗಳು

ಹೆಸರನ್ನು ಬದಲಿಸುವಂತಿಲ್ಲ, ಆದರೆ ವರ್ಗವನ್ನು ಬದಲಿಸಬಹುದು. ಇದಕ್ಕೂ ಕನ್ನಡದ್ದೇ ಉದಾಹರಣೆ ಇದೆ.

ಅನುಸ್ವಾರ, ವಿಸರ್ಗಗಳ ಜೊತೆಗೆ ಜಿಹ್ವಾಮೂಲೀಯ, ಉಪಧ್ಮಾನೀಯ ಎಂಬ ಇನ್ನೆರಡು ಯೋಗವಾಹಗಳನ್ನು ವ್ಯಾಕರಣದಲ್ಲಿ ಓದಿದ ನೆನಪಿದೆಯೆ? ಕ, ಖಗಳ ಹಿಂದೆ ವಿಸರ್ಗ ಬಂದಾಗಿನ ವಿಶೇಷ ಉಚ್ಚಾರಣೆಗೆ ಮೊದಲನೆಯದು. ಪ, ಫಗಳ ಹಿಂದೆ ಬಂದಾಗ ಎರಡನೆಯದು. ಯುನಿಕೋಡಿನಲ್ಲಿ ಇವುಗಳ ಸಂಖ್ಯೆ 3313 ಮತ್ತು 3314. ಮೊದಲು ಇವನ್ನು ‘ಸಂಕೇತ’ಗಳ ವರ್ಗಕ್ಕೆ, ಅಂದರೆ ಚಿತ್ರಚಿಹ್ನೆಗಳ ಸಾಲಿಗೆ, ಸೇರಿಸಲಾಗಿತ್ತು. 2010ರ 6.0 ಆವೃತ್ತಿಯಲ್ಲಿ ಇವನ್ನು ‘ಅಕ್ಷರ’ಗಳ ವರ್ಗಕ್ಕೆ ವರ್ಗಾಯಿಸಿದರು.

ಎರಡು ಅಪರೂಪದ ಚಿಹ್ನೆಗಳು ಸಾಲು ಬದಲಿಸಿದರೆ ಯಾರಿಗೇನು? ಅಂತರ್ಜಾಲದ ವಿಳಾಸಗಳಲ್ಲಿ ‘ಅಕ್ಷರ’ಗಳನ್ನು ಬಳಸಬಹುದು, ‘ಸಂಕೇತ’ಗಳನ್ನು ಬಳಸುವಂತಿಲ್ಲ. ಅಂದರೆ ನಿಷಿದ್ಧವಾಗಿದ್ದ ಎರಡು ಚಿಹ್ನೆಗಳು ರಾತ್ರೋರಾತ್ರಿ ಸಮ್ಮತವಾದವು. ಅಂತರ್ಜಾಲದ ಶಿಷ್ಟತೆಗಳನ್ನು ರೂಪಿಸುವ ಐಇಟಿಎಫ್ ಇದನ್ನು ಕೂಲಂಕಷವಾಗಿ ಪರಿಶೀಲಿಸಿತು. 2011ರ ನವೆಂಬರಿನಲ್ಲಿ 6452ನೆಯ ಸಂಖ್ಯೆಯ ದಾಖಲೆಯನ್ನೇ ಹೊರಡಿಸಿತು. ಕನ್ನಡದ ಈ ಎರಡು ಚಿಹ್ನೆಗಳು ಮತ್ತು ಇನ್ನೊಂದು ಲಿಪಿಯ ಒಂದು ಅಂಕಿ, ಒಟ್ಟು ಮೂರರ ವರ್ಗ ಬದಲಾಗಿದೆ. ಬಳಕೆ ತೀರ ಕಡಿಮೆಯಾದ್ದರಿಂದ ನಿಯಮಗಳಿಗೆ ವಿಶೇಷ ವಿನಾಯಿತಿ ಸೇರಿಸಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಏನನ್ನೂ ಬದಲಿಸಬೇಕಾಗಿಲ್ಲ ಎಂದು ತೀರ್ಮಾನಿಸಿದ ಮೇಲೂ ಅದನ್ನು ಕಾರಣ ಸಹಿತ ಬರೆದಿಟ್ಟರು ಎಂಬುದನ್ನು ಗಮನಿಸಿ.

ಪೈಥಾನಿನಲ್ಲೂ ಇದರ ಗುರುತು ಕಾಣುತ್ತದೆ. 2010ರ 2.7 ಆವೃತ್ತಿಯಲ್ಲಿ ಜಿಹ್ವಾಮೂಲೀಯ ಅಕ್ಷರವಲ್ಲ; 2011ರ 3.2ರಲ್ಲಿ ಅಕ್ಷರ. ಪ್ರೋಗ್ರಾಮ್ ಒಂದೇ, ಉತ್ತರ ಎರಡು. ಯಾವ ಯುನಿಕೋಡ್ ಆವೃತ್ತಿಯನ್ನು ಅನುಸರಿಸಲಾಗಿದೆ ಎಂಬುದನ್ನು ವಿವರಣೆಯಲ್ಲಿ ಬರೆಯದಿದ್ದರೆ ಈ ವ್ಯತ್ಯಾಸ ಭೂತಚೇಷ್ಟೆಯಂತೆ ಕಾಣುತ್ತದೆ.

ಮತ್ತೆ ನಾಲ್ಕು ಊರುಗಳಿಗೆ

ಈಗ ಹುಡುಗರ ಪ್ರೋಗ್ರಾಮಿಗೆ ಬರೋಣ. ಪುಸ್ತಕವನ್ನು ಬದಿಗಿಟ್ಟು ಪೈಥಾನಿನ ಅಧಿಕೃತ ವಿವರಣೆಯನ್ನು ತೆರೆದೆವು. ಅಲ್ಲಿ ಯಾವ ಯಾವ ವರ್ಗಗಳನ್ನು ಅಕ್ಷರವೆಂದು ಪರಿಗಣಿಸಲಾಗುತ್ತದೆ ಎಂಬುದು ಸ್ಪಷ್ಟವಾಗಿತ್ತು. ಯುನಿಕೋಡಿನ ‘ವರ್ಣಮಾಲೆಗೆ ಸೇರಿದ್ದು’ ಎಂಬ ಇನ್ನೊಂದು ಗುಣಕ್ಕೂ ಇದಕ್ಕೂ ವ್ಯತ್ಯಾಸವಿದೆ ಎಂಬ ಎಚ್ಚರಿಕೆಯೂ ಇತ್ತು. ಜಾವಾ ಭಾಷೆಯಲ್ಲಿ ಈ ಎರಡಕ್ಕೂ ಬೇರೆಬೇರೆ ಆಜ್ಞೆಗಳಿವೆ. ಎರಡನೆಯದು 2011ರ 7ನೆಯ ಆವೃತ್ತಿಯಲ್ಲಿ ಬಂದಿತು.

ಈ ಎರಡನೆಯ ಗುಣದಲ್ಲಿ ಸ್ವರಚಿಹ್ನೆಗಳೂ ಸೇರುತ್ತವೆ. ಅದರಿಂದ ಪರೀಕ್ಷಿಸಿದರೆ ಹಾಸನ, ಹೊಳೆನರಸೀಪುರ, ಅರಕಲಗೂಡು ಮೂರೂ ಪಾಸು. ಚನ್ನರಾಯಪಟ್ಟಣ ಮಾತ್ರ ಮತ್ತೆ ಫೇಲು! ಏಕೆಂದರೆ ಒತ್ತಕ್ಷರ ಮಾಡುವ ಅರ್ಧಾಕ್ಷರ ಚಿಹ್ನೆಗೆ ಆ ಗುಣವಿಲ್ಲ. ಕೊನೆಗೆ ಅಕ್ಷರ ವರ್ಗ ಮತ್ತು ಸಂಯೋಜಕ ಚಿಹ್ನೆಗಳ ವರ್ಗ ಎರಡನ್ನೂ ಒಪ್ಪುವಂತೆ ಪ್ರೋಗ್ರಾಮನ್ನು ತಿದ್ದಿದರು. ನಾಲ್ಕೂ ಊರುಗಳು ಪಾಸಾದವು. ಮಾರನೆಯ ದಿನ ‘ರಾಜ್‌ಕುಮಾರ್’ ಎಂಬ ಹೆಸರು ಫೇಲಾಯಿತು. ಜಕಾರದ ಕೆಳಗೆ ಕಕಾರ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದರ ಸಂಖ್ಯೆ 8204, ಅದರ ವರ್ಗ ಬೇರೆಯೇ. ಅದಕ್ಕೂ ದಾರಿ ಮಾಡಿದರು.

ನಾನು ಅವರಿಗೆ ಹೇಳಿದ್ದು ಒಂದೇ ಮಾತು: “ಈ ಮೂರು ತಿದ್ದುಪಡಿಗಳನ್ನು ಯಾಕೆ ಮಾಡಿದಿರಿ ಅಂತ ಆ ಸಾಲುಗಳ ಮೇಲೆಯೇ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.” ಇದರ ಹಿಂದೆ ನನ್ನದೊಂದು ನೋವಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯುನಿಕೋಡ್ ನಮ್ಮ ಗಣಕಗಳಿಗೆ ಬರುವ ಮೊದಲು, ಒಂದು ಕನ್ನಡ ಫಾಂಟಿನಲ್ಲಿ ಎರಡು ವರ್ಷಗಳ ಪಾಠದ ಟಿಪ್ಪಣಿಗಳನ್ನು ಬೆರಳಚ್ಚು ಮಾಡಿಟ್ಟಿದ್ದೆ. ಗಣಕ ಬದಲಾಯಿತು, ಫಾಂಟು ಕಳೆಯಿತು. ಯಾವ ಸಂಖ್ಯೆ ಯಾವ ಅಕ್ಷರಕ್ಕೆ ಎಂಬ ಪಟ್ಟಿಯನ್ನು ಅದನ್ನು ಮಾಡಿದವರು ಎಲ್ಲೂ ಬರೆದಿಟ್ಟಿರಲಿಲ್ಲ. ಕಡತ ಹಾಳಾಗಿಲ್ಲ, ಒಂದು ಸಂಖ್ಯೆಯೂ ಅಳಿಸಿಲ್ಲ. ಆದರೂ ಅದನ್ನು ಓದಲು ಬರುವುದಿಲ್ಲ. ಹಲ್ಮಿಡಿಯ ಕಲ್ಲನ್ನು 1500 ವರ್ಷಗಳ ಮೇಲೂ ಓದಿದೆವು. ನನ್ನ ಟಿಪ್ಪಣಿಗಳನ್ನು ಹತ್ತು ವರ್ಷದ ಮೇಲೆ ಓದಲಾಗಲಿಲ್ಲ.

ಕನ್ನಡ ಬೀದಿಗೆ ಇನ್ನೂ ಅಕ್ಷರಗಳು ಬರುತ್ತಿವೆ. 2021ರ 14.0 ಆವೃತ್ತಿಯಲ್ಲಿ ‘ನಕಾರ ಪೊಲ್ಲು’ ಎಂಬ ಹಳೆಯ ರೂಪ 3293ನೆಯ ಮನೆಗೆ, ನಮ್ಮ ೞ ಅಕ್ಷರದ ಪಕ್ಕಕ್ಕೇ ಬಂದಿತು. ಇಂಥ ಅಕ್ಷರಗಳ ಹೆಸರು, ವರ್ಗ, ಬಳಕೆಯ ವಿವರಣೆ ಸರಿಯಾಗಿದೆಯೆ ಎಂದು ನೋಡಬೇಕಾದವರು ಯಾರು? ಹಳಗನ್ನಡ ಬಲ್ಲ ಕನ್ನಡ ಅಧ್ಯಾಪಕರು ಮತ್ತು ಪ್ರೋಗ್ರಾಮ್ ಬಲ್ಲ ವಿಜ್ಞಾನ ವಿದ್ಯಾರ್ಥಿಗಳು ಒಂದೇ ಮೇಜಿನ ಮುಂದೆ ಕುಳಿತರೆ ಮಾತ್ರ ಇದು ಸಾಧ್ಯ. 94ನೆಯ ಸ್ಥಾನದಲ್ಲಿ ಆದ ತಪ್ಪು ಅಂಥ ಮೇಜು ಇಲ್ಲದಾಗ ಆಗುವ ತಪ್ಪು.

ಕೊನೆಗೊಂದು ಪ್ರಯೋಗ. ನಿಮ್ಮ ಶಾಲೆಯ ಗಣಕದಲ್ಲಿ ಪೈಥಾನ್ ಇದ್ದರೆ 3294ನೆಯ ಅಕ್ಷರದ ಹೆಸರನ್ನು ಕೇಳಿ ನೋಡಿ. ಅದು ಇಂದಿಗೂ ಎಫ್ ಎ ಎಂದೇ ಹೇಳುತ್ತದೆ. ಆಮೇಲೆ ಮೂರು ಎಲ್‌ಗಳ ಹೆಸರನ್ನು ಕೊಟ್ಟು ಅಕ್ಷರವನ್ನು ಹುಡುಕಲು ಹೇಳಿ. 2012ರ 3.3 ಆವೃತ್ತಿಯಿಂದ ಈಚಿನದಾದರೆ ಅದು ೞ ಅಕ್ಷರವನ್ನೇ ತಂದು ಮುಂದಿಡುತ್ತದೆ. ತಪ್ಪು ಹಾಗೆಯೇ ಇದೆ, ಸರಿಯಾದ ಹೆಸರು ಹಿಡಿದು ಹೋದವರಿಗೂ ದಾರಿ ಇದೆ. ಆಮೇಲೆ ನಿಮ್ಮ ವಿದ್ಯಾರ್ಥಿಗಳಿಗೆ ಅವರವರ ಊರಿನ ಹೆಸರನ್ನು ಬಿಡಿಸಿ ಎಣಿಸಲು ಹೇಳಿ, ಕಂಡದ್ದನ್ನು ಬರೆದಿಡಿಸಿ.